ನಲವತ್ತೇಳು ನಿಮಿಷ ಹಿಂದಿದ್ದ ಮಷಿನ್

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10.20. ಆಸರೆ ರಕ್ತನಿಧಿಯ ಮುಖ್ಯಸ್ಥ ಡಾ. ಶಬ್ಬೀರ್ ಲಿಖಿತ ದೂರಿನೊಂದಿಗೆ ಕಲಬುರಗಿಯ ಸೈಬರ್ ಅಪರಾಧ ಠಾಣೆಗೆ ಬಂದರು. ಅವರ ರಕ್ತನಿಧಿಯಿಂದ ಪದೇ ಪದೇ ರಕ್ತ ಪಡೆಯುವ ಮೂವತ್ತೆಂಟು ರೋಗಿಗಳ ದಾಖಲೆ ಅಳಿಸಿಹೋಗಿತ್ತು. ಯಾರಿಗೆ ಯಾವ ರಕ್ತ ಒಗ್ಗುವುದಿಲ್ಲ ಎಂಬುದು ಅದರಲ್ಲಿತ್ತು. ಕೆಲವೊಮ್ಮೆ ಆ ಒಗ್ಗದಿರುವಿಕೆ ಹೊಸ ಪರೀಕ್ಷೆಗೆ ಸಿಗುವುದಿಲ್ಲ. ಹಳೆಯ ದಾಖಲೆಯೊಂದೇ ಎಚ್ಚರಿಸಬಲ್ಲದು. ಸೋಮವಾರ ಕಮಲಾಪುರದ ಏಳು ವರ್ಷದ ಉಮ್ಮೆ ಹಾನಿ ಎಂಬ ಹುಡುಗಿಗೆ ಒಗ್ಗದ ರಕ್ತ ಏರಿಸಿದ್ದರು. ಹುಡುಗಿ ಗಡಗಡ ನಡುಗಿ ಆಸ್ಪತ್ರೆ ಸೇರಿದ್ದಳು.

"ಯಾರ ಮ್ಯಾಲ ಸಂಶಯ ಅದರೀ?" ಇನ್‌ಸ್ಪೆಕ್ಟರ್ ಸೂಗಮ್ಮ ಕೇಳಿದರು.

"ಸಂಶಯ ಯಾಕ್ರೀ, ಕಂಪ್ಯೂಟರೇ ಹೇಳ್ತದ. ಶನಿವಾರ ಸಂಜಿ 4.07ಕ್ಕ ನಮ್ಮ ಟೆಕ್ನಿಷಿಯನ್ ಪಂಚಶೀಲಾ ಲಾಗಿನ್‌ನಿಂದ ಅಳಿಸ್ಯಾರ. ಆವಾಗ ಆಕಿ ಡ್ಯೂಟಿ ಮ್ಯಾಲೇ ಇದ್ಲು. ಸದ್ಯಕ್ಕ ಮನಿಗೆ ಕಳಿಸೀವಿ."

"ಆಕಿ ಏನಂತಾಳ?"

"ನಾ ಮುಟ್ಟಿಲ್ಲ ಅಂತಾಳ್ರೀ."

11.05ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಸೂಗಮ್ಮ 'ಅಪರಿಚಿತ' ಎಂದೇ ಬರೆಸಿದರು.

ಮಧ್ಯಾಹ್ನ ರಕ್ತನಿಧಿಯ ಸರ್ವರ್ ಕೋಣೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಅಲ್ಲಿಯ ಕಂಪ್ಯೂಟರ್‌ಗಳ ಹೊಣೆ ಹೊತ್ತ ಆನಂದಕುಮಾರ ರೋಗಿಗಳ ದಾಖಲೆಯಿದ್ದ ಮಷಿನ್‌ನ ಪರದೆ ತೆರೆದು ಕೊಟ್ಟ. ಕಾನ್‌ಸ್ಟೇಬಲ್ ಕುನಾಲ ಬರೆದುಕೊಳ್ಳುತ್ತಿದ್ದ. ಯಂತ್ರ ವಶಪಡಿಸಿಕೊಳ್ಳುವಾಗ ಅದರಲ್ಲಿ ತೋರುವ ಸಮಯ, ನಿಜವಾದ ಸಮಯ ಎರಡನ್ನೂ ಬರೆಯುವುದು ವಾಡಿಕೆ. ಕುನಾಲ ಅಲ್ಲೇ ನಿಂತ.

"ಮೇಡಂ, ಮಷಿನ್‌ನಾಗ 11.58 ಅದ. ನಿಮ್ಮ ವಾಚ್‌ನಾಗ ಎಷ್ಟು?"

"12.45."

ಸೂಗಮ್ಮ ಆನಂದಕುಮಾರನತ್ತ ತಿರುಗಿದರು. "ಯಾಕ ಹಿಂದ ಅದ ಇದು?"

"ಸ್ವಲ್ಪ ಹಿಂದ ಬೀಳ್ತದ್ರೀ."

"ಎಷ್ಟು ದಿನಾತು?"

"ನೆನಪಿಲ್ರೀ."

ಹೊರಗೆ ಬಂದ ಮೇಲೆ ಕುನಾಲ ಬಿಡಿಸಿ ಹೇಳಿದ. "ಅದು ಬ್ಯಾರೆ ಕಂಪ್ಯೂಟರ್ ಅಲ್ರೀ ಮೇಡಂ, ವರ್ಚುವಲ್ ಮಷಿನ್. ಒಂದೇ ದೊಡ್ಡ ಸರ್ವರ್ ಒಳಗ ಅಂಥವು ಆರು ನಡೀತಾವ. ಪ್ರತಿಯೊಂದರಾಗೂ ಒಂದು ಸಹಾಯಕ ತಂತ್ರಾಂಶ ಇರ್ತದ. ಸರ್ವರ್ ಜೋಡಿ ಗಡಿಯಾರ ಹೊಂದಿಸೋದು ಅದರ ಕೆಲಸ. ಬ್ಯಾಕಪ್ ತಗೊಳ್ಳೋ ಮುಂದ ಒಂದು ಗಳಿಗಿ ಬರಿಯೋದು ನಿಲ್ಸು ಅಂತ ಡೇಟಾಬೇಸಿಗೆ ಹೇಳೋದೂ ಅದೇ. ಸರ್ವರ್ ಹೊಸ ಆವೃತ್ತಿಗೆ ಹೋದ್ರ ಇದನ್ನೂ ಹೊಸದು ಮಾಡ್ಬೇಕು. ಇಲ್ಲಿ ಸರ್ವರ್ ಡಿಸೆಂಬರ್ 14ಕ್ಕ ಬದಲಾಗ್ಯದ. ಸಹಾಯಕ ತಂತ್ರಾಂಶ ಹಳೇದೇ ಉಳಿದದ. ನವೀಕರಿಸ್ರಿ ಅಂತ ಅವತ್ತಿನಿಂದ ಹಳದಿ ಗುರ್ತು ತೋರಸಾಕತ್ತದ."

"ಶನಿವಾರ ಎಷ್ಟು ಹಿಂದ ಇತ್ತು, ಅದು ಬೇಕು ನನಗ."

ಕುನಾಲ ಶನಿವಾರ ತುಂಬಿದ ರಕ್ತದ ಚೀಲಗಳನ್ನು ತೆಗೆಸಿದ. ಚೀಟಿಯ ಮೇಲೆ ಮಷಿನ್ ಮುದ್ರಿಸಿದ ಸಮಯವನ್ನು ನರ್ಸ್ ಕೈಬರಹದ ರಿಜಿಸ್ಟರ್ ಜೊತೆ ಹೋಲಿಸಿದ. ಒಂಬತ್ತು ಚೀಲಗಳಲ್ಲೂ ನಲವತ್ತಾರು ನಿಮಿಷದ ಅಂತರ. ಅಂದರೆ ದಾಖಲೆ ಅಳಿಸಿದ್ದು 4.07ಕ್ಕಲ್ಲ, 4.53ಕ್ಕೆ.

ಮಾರ್ಚ್ 12, ಬುಧವಾರ. ಮಹಾಗಾಂವದಲ್ಲಿ ಪಂಚಶೀಲಾ ಮನೆ ಮುಂದೆ ತೊಗರಿ ಹಸನು ಮಾಡುತ್ತಿದ್ದಳು. ಜೀಪು ಕಂಡದ್ದೇ ಮೊರ ಕೆಳಗಿಟ್ಟು ಎದ್ದಳು.

"ಶನಿವಾರ ಎಷ್ಟಕ್ಕ ಹೊಂಟಿ?"

"ನಾಲ್ಕೂವರಿಗ್ರೀ. ಡ್ಯೂಟಿ ಮುಗೀತು, ಬಸ್‌ಸ್ಟ್ಯಾಂಡಿಗೆ ಬಂದು ನಮ್ಮೂರ ಮ್ಯಾಲೆ ಹೋಗೋ ಕಮಲಾಪುರ ಬಸ್ ಹತ್ತಿದೆ."

"ಸಾಕ್ಷಿ?"

ಅವಳು ಒಳಗೆ ಹೋಗಿ ಕೈಚೀಲ ಜಾಲಾಡಿ ಮುದುಡಿದ ಚೀಟಿಯೊಂದನ್ನು ತಂದಳು. ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್. 08-03-2025, ಸಮಯ 16.46.

"ಮಷಿನ್ ಗಡಿಯಾರ ಹಿಂದ ಅದ ಅಂತ ನಿನಗ ಗೊತ್ತಿತ್ತಾ?"

"ಆನಂದಕುಮಾರ ಸರ್‌ಗೆ ಎರಡು ಸಲ ಹೇಳೀನ್ರೀ. ನೋಡೋಣ ಅಂದ್ರು." ಮತ್ತೆ ಅವಳೇ ಕೇಳಿದಳು, "ಆ ಕೂಸು ಹ್ಯಾಂಗದರೀ? ನನಗ ಯಾರೂ ಹೇಳವಲ್ರು."

ಕೂಸು ಅಂದು ಬೆಳಿಗ್ಗೆ ಮನೆಗೆ ಬಂದಿತ್ತು. ಕಮಲಾಪುರದಲ್ಲಿ ತಾಯಿ ಹಲೀಮಾಳ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿತ್ತು. ಹಲೀಮಾ ದನಿ ತಗ್ಗಿಸಿ ಹೇಳಿಕೆ ಕೊಟ್ಟಳು.

"ಸೋಮವಾರ ನಾ ಹೇಳ್ದೆರೀ, ಇಕಿ ಖೂನ್ ಎಲ್ಲಾರಂಗ ಅಲ್ಲ, ಕಂಪ್ಯೂಟರ್ ನೋಡ್ರಿ ಅಂತ. ನೋಡಿದ್ರು. ಏನೂ ಇಲ್ಲಮ್ಮಾ ಅಂದ್ರು. ಪಂಚಶೀಲಾ ಬಾಯಿಗೆ ಅವತ್ತು ಛುಟ್ಟಿ. ಆಕಿ ಇದ್ದಿದ್ರ ಬಾಯಿಲೇ ಹೇಳ್ತಿದ್ಲು."

ಗುರುವಾರ ಬೆಳಿಗ್ಗೆ ಕುನಾಲ ಸರ್ವರ್‌ನ ಸ್ವಂತ ದಾಖಲೆ ತೆಗೆದ. ಸರ್ವರ್‌ನ ಗಡಿಯಾರ ಸರಿಯಾಗಿತ್ತು. ಶನಿವಾರ 3.10ಕ್ಕೆ ಆ ವರ್ಚುವಲ್ ಮಷಿನ್ ಸ್ಥಗಿತಗೊಂಡಿತ್ತು. 3.40ಕ್ಕೆ ಆನಂದಕುಮಾರ ಅದನ್ನು ಬ್ಯಾಕಪ್‌ನಿಂದ ಮರಳಿಸಿದ್ದ. 4.51ಕ್ಕೆ, ದಾಖಲೆ ಅಳಿಸುವ ಎರಡು ನಿಮಿಷ ಮೊದಲು, ಅವನ ಖಾತೆಯಿಂದಲೇ ಮತ್ತೆ ಆ ಮಷಿನ್ ತೆರೆದುಕೊಂಡಿತ್ತು. ಈ ಗುರುವಾರ ಅವನು ಕೆಲಸಕ್ಕೆ ಬಂದಿರಲಿಲ್ಲ. ಕುಸನೂರಿನ ಅವನ ಮನೆಯಲ್ಲಿ 12.40ಕ್ಕೆ ಬಂಧಿಸಿದರು. ಅವನು ಚಪ್ಪಲಿ ಹಾಕಿಕೊಳ್ಳಲು ಮಾತ್ರ ಅವಕಾಶ ಕೇಳಿದ.

"ಪಂಚಶೀಲಾ ಪಾಸ್‌ವರ್ಡ್ ಹ್ಯಾಂಗ ಸಿಕ್ತು?" ಠಾಣೆಯಲ್ಲಿ ಸೂಗಮ್ಮ ಕೇಳಿದರು.

"ಆಕಿ ಖಾತೆ ನಾನೇ ಮಾಡಿಕೊಟ್ಟಿದ್ದೆರೀ. ಆಕಿ ಪಾಸ್‌ವರ್ಡ್ ಬದಲು ಮಾಡಿರ್ಲಿಲ್ಲ."

"ಅಳಿಸಿದ್ದು ಯಾಕ?"

"ಹಳೇ ತಂತ್ರಾಂಶ ಡೇಟಾಬೇಸ್ ನಿಲ್ಲಸ್ದೇ ತಗೊಂಡಿದ್ದಕ್ಕ ಬ್ಯಾಕಪ್ ಒಡೆದಿತ್ರೀ. ಆ ಮೂವತ್ತೆಂಟು ಮಂದಿ ದಾಖಲೆ ಚೂರುಚೂರಾಗಿ ಬಂತು. ಯಾರರೆ ನೋಡಿದ್ರ, ಮೂರು ತಿಂಗಳಿಂದ ನವೀಕರಿಸಿಲ್ಲ ಅನ್ನೋದು ಹೊರಗ ಬೀಳ್ತಿತ್ತು. ಆಕಿ ಹೋದ ಮ್ಯಾಲ ಅಳಿಸಿದ್ರೂ ಮಷಿನ್‌ನಾಗ ಆಕಿ ಇದ್ದಾಗಿನ ಟೈಮೇ ಬೀಳ್ತದ ಅಂತ ಗೊತ್ತಿತ್ತು."

"ಕೂಸಿನ ಜೀವ ಹೋಗ್ತಿತ್ತು."

"ಕಾಗದದ ಫೈಲ್ ನೋಡ್ತಾರ ಅಂದ್ಕೊಂಡಿದ್ದೆರೀ." ಅವನು ಮುಖ ಮುಚ್ಚಿಕೊಂಡ.

ಸೂಗಮ್ಮ ನೀರು ತರಿಸಿದರು. ಕುಡಿದ ಮೇಲೆ ಉಳಿದದ್ದನ್ನು ಅವನೇ ಹೇಳಿದ. ಎರಡು ವರ್ಷದ ಹಿಂದೆ ಆ ಸಹಾಯಕ ತಂತ್ರಾಂಶದ ಹೊಸ ಆವೃತ್ತಿ ಬಂದ ದಿನವೇ, ರಕ್ತದಾನಕ್ಕೆ ಜನ ಸಾಲುಗಟ್ಟಿದ್ದ ಹೊತ್ತಿನಲ್ಲಿ, ಪರೀಕ್ಷಿಸದೆ ಹಾಕಿಬಿಟ್ಟಿದ್ದ. ಮಷಿನ್ ಐದು ತಾಸು ಮೇಲೇಳಲಿಲ್ಲ. ದಾನಿಗಳು ಬೈದು ಹೋದರು. ನಡೆಯುವುದನ್ನು ಇನ್ನು ಮುಟ್ಟಬೇಡ ಎಂದು ಎಲ್ಲರೆದುರು ಹೇಳಿಸಿಕೊಂಡ. ಅಂದಿನಿಂದ, ಹೊಸದು ಹಾಕಿದ ಮೇಲೆ ಒತ್ತಬೇಕಾದ ಮರುಚಾಲನೆಯ ಗುಂಡಿ ಕಂಡರೆ ಪರದೆಯನ್ನೇ ಮುಚ್ಚಿಬಿಡುತ್ತಿದ್ದ.

"ಹಂಗಾದ್ರ ಈ ಸಲ ಯಾವಾಗ ಮಾಡ್ಬೇಕಾಗಿತ್ತು?"

"ಸರ್ವರ್ ಬದಲಾದ ವಾರದಾಗೇ ಮಾಡ್ಬೇಕಿತ್ರೀ." ಉತ್ತರ ತಡವಾಗಲಿಲ್ಲ. "ಮೊದಲು ಒಂದು ನಕಲು ತಗೊಂಡು, ಅಷ್ಟು ಮುಖ್ಯ ಅಲ್ಲದ ಒಂದು ಮಷಿನ್ ಮ್ಯಾಲ ಹಾಕಿ ನೋಡ್ಬೇಕು. ಎರಡು ದಿನ ಬಿಟ್ಟು, ಭಾನುವಾರ ದಾನಿಗಳು ಇಲ್ದಾಗ ಉಳಿದವಕ್ಕ ಹಾಕ್ಬೇಕು. ಅರ್ಧ ತಾಸಿನ ಕೆಲಸ."

ಅವನನ್ನು ಕರೆದೊಯ್ದ ಮೇಲೆ ಸೂಗಮ್ಮ ಡಾ. ಶಬ್ಬೀರ್‌ಗೆ ಫೋನ್ ಮಾಡಿದರು. ಪಂಚಶೀಲಾ ಆಗಲೇ ಕೆಲಸಕ್ಕೆ ಮರಳಿದ್ದಳು; ಮೂವತ್ತೆಂಟು ಮನೆಗಳಿಗೂ ಒಂದೊಂದಾಗಿ ಫೋನ್ ಮಾಡಿ ಹಳೆಯ ಚೀಟಿಗಳನ್ನು ತರಿಸುತ್ತಿದ್ದಳು.

ಕೇಸ್ ಡೈರಿಯಲ್ಲಿ ಕಾರಣದ ಮುಂದೆ ಕುನಾಲ 'ನಿರ್ಲಕ್ಷ್ಯ' ಎಂದು ಬರೆದಿದ್ದ. ಸೂಗಮ್ಮ ಅದನ್ನು ಎರಡು ಸಲ ಓದಿದರು. ದಿನಾ ಮುಂಜಾನೆ ಆ ಹಳದಿ ಗುರುತನ್ನು ನೋಡಿಯೇ ಕೆಲಸ ಶುರು ಮಾಡುತ್ತಿದ್ದವನಿಗೆ ಆ ಮಾತು ಒಪ್ಪುವಂತೆ ಕಾಣಲಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ 'ಹೆದರಿಕೆ' ಎಂದು ಬರೆದು, ಸಹಿ ಹಾಕಿದರು.