ರುಚಿ ನೋಡದ ಕೈ

ಅಮೃತಪ್ಪ ಊಟದ ತಟ್ಟೆಯ ಪಕ್ಕದಲ್ಲೇ ಬಿದ್ದು ಸತ್ತಿದ್ದ.

ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಕ್ಯಾಂಟೀನು ಅದು. ಆವತ್ತು ಊಟಕ್ಕೆ ಕುಳಿತವರು ಇಬ್ಬರೇ. ಮ್ಯಾನೇಜರ್ ಅಮೃತಪ್ಪ ಮತ್ತು ಸ್ಟೋರ್ಸ್ ನೋಡಿಕೊಳ್ಳುವ ಸುಬ್ಬರಾಯ. ಸುಬ್ಬರಾಯನಿಗೆ ಇನ್ನೂ ಜೀವವಿತ್ತು. ಕಾರ್ಖಾನೆಯ ಜೀಪಿನಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದಿದ್ದರು.

ಇನ್‌ಸ್ಪೆಕ್ಟರ್ ಶಿವಶರಣಪ್ಪ ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದ. ಅರ್ಧ ಮುರಿದ ಜೋಳದ ರೊಟ್ಟಿ. ಬದನೆಕಾಯಿ ಪಲ್ಯ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಶೇಂಗಾ ಚಟ್ನಿಯ ಬಟ್ಟಲು ಮಾತ್ರ ಬರಿದಾಗುತ್ತ ಬಂದಿತ್ತು. ಬಗ್ಗಿ ಮೂಸಿ ನೋಡಿದ. ಬೆಳ್ಳುಳ್ಳಿ ವಾಸನೆ.

ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಕೈಕಟ್ಟಿ ನಿಂತಿದ್ದಳು. ಶರಣಬಸಮ್ಮ. ಕೂಕಟ್‌ಪಲ್ಲಿಯಲ್ಲಿ ಅವಳದೊಂದು ಖಾನಾವಳಿ. ಬೀದರ್, ಕಲಬುರ್ಗಿ ಕಡೆಯ ನೌಕರದಾರರು ಅಲ್ಲಿ ಸಾಲುಗಟ್ಟಿ ನಿಂತು ಉಣ್ಣುತ್ತಿದ್ದರು. ಆವತ್ತಿನ ಅಡುಗೆ ಅವಳಿಗೆ ಪರೀಕ್ಷೆ. ಊಟ ಹಿಡಿಸಿದರೆ ಈ ಕ್ಯಾಂಟೀನು ಅವಳಿಗೆ ಎಂದು ಮಾತಾಗಿತ್ತು.

"ಅಡಿಗಿ ನೀವ ಮಾಡಿದ್ರೇನ್ರಿ, ಅವ್ವಾರ?"

"ಮತ್ತ ಯಾರ ಮಾಡ್ತಾರ? ರೊಟ್ಟಿ ನೋಡಿದ್ರ ಗೊತ್ತಾಗೂದಿಲ್ಲೇನು, ತಮ್ಮಾ?"

ಹೆಣ ಅಲ್ಲೇ ಬಿದ್ದಿತ್ತು. ಕಾನ್ಸ್‌ಟೇಬಲ್ ಯಾದಗಿರಿ ಅವಳ ಮುಖವನ್ನೇ ನೋಡಿದ.

"ಚಟ್ನಿ?"

"ಅದು ಖಾನಾವಳ್ಯಾಗ ಕುಟ್ಟಿದ್ದು. ಡಬ್ಬ್ಯಾಗ ತಂದೆ."

"ನೀವು ರುಚಿ ನೋಡಿದ್ರೇನು?"

"ನಾ ಯಾವತ್ತೂ ರುಚಿ ನೋಡೂದಿಲ್ಲ. ದೇವರಿಗೆ ಎಡಿ ಹಿಡಿಯೂಕಿಂತ ಮೊದಲ ಅಡಿಗಿ ಎಂಜಲಾ ಮಾಡೂದು ನಮ್ಮ ಮನ್ಯಾಗ ಇಲ್ಲ. ಅದೂ ಅಲ್ದ, ನೋಡಿ ನೋಡಿ ಮಾಡೋರು ಇನ್ನೂ ಕಲಿಯೋ ಮಂದಿ."

ಯಾದಗಿರಿ ಇನ್‌ಸ್ಪೆಕ್ಟರನ ಕಿವಿಯಲ್ಲಿ ಹೇಳಿದ, "ಸಾಬ್, ಈಕೆಗೆ ಭಾಳ ಪೊಗರು."

* * *

ಕ್ಯಾಂಟೀನಿನ ಹಳೆಯ ಅಡುಗೆಯವ ತಿಪ್ಪೇಸ್ವಾಮಿ. ಚಿತ್ರದುರ್ಗದ ಕಡೆಯವನು. ಕಾರ್ಖಾನೆ ಶುರುವಾದಾಗಿನಿಂದ ಇಲ್ಲಿನ ಒಲೆ ಅವನದೇ. ಮೆತ್ತಗಿನ ಮನುಷ್ಯ, ಮಾತಿಗೊಮ್ಮೆ ಕೈಮುಗಿಯುತ್ತಿದ್ದ.

"ನಾನು ಯಾರ ಮೇಲೂ ಹೇಳೋನಲ್ಲ ಸಾರ್. ಕಂಡಿದ್ದನ್ನ ಹೇಳ್ತೀನಿ. ಈಯಮ್ಮ ಪಲ್ಯನ ಅಂಗೈ ಮೇಲೆ ಹಾಕ್ಕೊಂಡು ನೆಕ್ಕಿದ್ರು. ಇನ್ನೊಂದು ಚಿಟಿಕೆ ಉಪ್ಪು ಹಾಕಿದ್ರು. ಬೇಳೆಸಾರೂ ಹಂಗೇ ನೋಡಿದ್ರು. ಚಟ್ನಿ ಮಾತ್ರ ಬಾಯಿಗೆ ಇಡಲಿಲ್ಲ. ಯಾಕೆ ಅಂತ ಆಗ ಹೊಳೀಲಿಲ್ಲ ನಂಗೆ."

"ಜಗಳ ಏನಾದರೂ ಆಗಿತ್ತಾ?"

"ನನ್ನನ್ನೂ ಜೊತೇಲಿ ಇಟ್ಕೊಳ್ಳಿ ಅಂತ ಅಮೃತಪ್ಪ ಸಾಹೇಬ್ರು ಬೆಳಿಗ್ಗೆ ಹೇಳಿದ್ರು. ಅದಕ್ಕೆ ಈಯಮ್ಮ, ನನ್ನ ಒಲೆ ಮುಂದೆ ಇನ್ನೊಬ್ಬ ನಿಂತ್ರೆ ಆ ಊಟ ನಿಮಗೆ ವಿಷ ಆಗ್ತದೆ ಅಂದ್ರು. ಗೇಟಿನ ವಾಚ್‌ಮನ್ನೂ ಕೇಳಿದಾನೆ."

ವಾಚ್‌ಮನ್ ಹೌದೆಂದ. ಶರಣಬಸಮ್ಮನೂ ಹೌದೆಂದಳು.

"ಅಂದೀನಿ. ಅದ್ರಾಗೇನೈತಿ? ಎರಡು ಕೈ ಬಿದ್ದ ಅಡಿಗಿ ವಿಷಾನ."

ಪ್ರಯೋಗಾಲಯದಿಂದ ವರದಿ ಬಂತು. ಗೋದಾಮಿನಲ್ಲಿ ಇಲಿಗೆಂದು ಇಟ್ಟಿದ್ದ ವಿಷದ ಪುಡಿ. ಅದು ಇದ್ದದ್ದು ಚಟ್ನಿಯಲ್ಲಿ ಮಾತ್ರ. ಖಾನಾವಳಿಯ ಭರಣಿಯಲ್ಲಿದ್ದ ಅದೇ ಚಟ್ನಿ ಶುದ್ಧವಾಗಿತ್ತು. ಎಂದರೆ ವಿಷ ಬೆರೆತದ್ದು ಕ್ಯಾಂಟೀನಿನಲ್ಲಿ. ಡಬ್ಬಿ ಅವಳದು. ಬೆದರಿಕೆಯ ಮಾತೂ ಅವಳದೇ. ಸಾಲದ್ದಕ್ಕೆ ಕಣ್ಣಾರೆ ಕಂಡ ಸಾಕ್ಷಿ.

ಶರಣಬಸಮ್ಮನನ್ನು ಲಾಕಪ್ಪಿಗೆ ಹಾಕಿದರು. ಖಾನಾವಳಿಗೆ ಬೀಗ ಬಿತ್ತು. ಕೊಲೆಯ ಕೇಸು. ಸಾಬೀತಾದರೆ ಉಳಿದ ಆಯುಷ್ಯವೆಲ್ಲ ಜೈಲಿನಲ್ಲಿ ಕಳೆಯಬೇಕು.

* * *

ಶಿವಶರಣಪ್ಪನಿಗೆ ಇನ್ನೂ ಒಂದು ಹೆಸರು ಸಿಕ್ಕಿತ್ತು. ಆವತ್ತು ಬೆಳಿಗ್ಗೆ ಗೇಟಿನ ಹತ್ತಿರ ಗಿರಿಜಾಬಾಯಿ ನಿಂತಿದ್ದಳಂತೆ. ಶರಣಬಸಮ್ಮನ ಕೈಕೆಳಗೆ ದುಡಿದು, ಜಗಳಾಡಿ ಹೊರಬಿದ್ದವಳು. ಈಗ ಕೂಕಟ್‌ಪಲ್ಲಿ ಬಸ್‌ಸ್ಟಾಪಿನ ಬಳಿ ರೊಟ್ಟಿ ಮಾರುತ್ತಿದ್ದಳು.

"ಹೌದ್ರಿ ಸಾಹೇಬ್ರ, ಹೋಗಿದ್ದೆ. ಆ ಕ್ಯಾಂಟೀನ್ ನನಗ ಕೊಡ್ರಿ ಅಂತ ಕೇಳಾಕ. ವಾಚ್‌ಮನ್ ಒಳಗ ಬಿಡ್ಲೇ ಇಲ್ಲ. ಬೇಕಾದ್ರ ಕೇಳ್ರಿ ಅವನ್ನ."

"ಶರಣಬಸಮ್ಮನ ಮ್ಯಾಲ ಸಿಟ್ಟು ಐತೇನು?"

"ಐತಿ. ವಿಷಾ ಹಾಕೂದಿದ್ರ ಅಕೀಗೇ ಹಾಕ್ತಿದ್ದೆ. ಪಾಪ, ಅಮೃತಪ್ಪ ನನಗೇನ ಮಾಡ್ಯಾನ?"

"ಯಾಕ ಬಿಡಿಸಿದಳು ನಿನ್ನ?"

ಗಿರಿಜಾಬಾಯಿ ಹಿಟ್ಟಿನ ಕೈ ಒರೆಸಿಕೊಂಡಳು. "ಸಾರಿಗೆ ಉಪ್ಪು ಕಮ್ಮಿ ಐತಿ ಅಂದೆ. ಅಷ್ಟ. ಸೌಟು ಕಸಗೊಂಡು ಹೊರಗ ಹಾಕಿದ್ಲು."

"ಉಪ್ಪು ಕಮ್ಮಿ ಇತ್ತೇನು?"

"ಇಲ್ರಿ. ಸರೀ ಇತ್ತು. ಅದ ನನ್ನ ಹೊಟ್ಟಿಯುರಿ. ಇಷ್ಟು ವರ್ಷ ಕೂಡಿ ದುಡದೀನಿ, ಅಕೀ ಒಮ್ಮೆನೂ ನಾಲಿಗಿ ಮ್ಯಾಲ ಇಟ್ಟು ನೋಡಿದ್ದು ಕಂಡಿಲ್ಲ. ಕಣ್ಣು ಮುಚ್ಚಿ ಹಾಕ್ತಾಳ, ಸರಿಯಾಗ್ತೈತಿ. ಗಿರಾಕಿ ಉಪ್ಪು ಕೇಳಿದ್ರ ತಾಟು ಎತ್ತಿಬಿಡ್ತಾಳ. ಅಕೀ ಸೊಕ್ಕಿಗೇ ಮಂದಿ ಬರ್ತಾರ. ಇಷ್ಟು ಸೊಕ್ಕು ಮಾಡಾಕತ್ತಾಳ ಅಂದ್ರ ಅಡಿಗ್ಯಾಗ ಏನೋ ಇರಬೇಕಂತ. ನಾ ಮೆತ್ತಗಿದ್ದೀನಿ, ನೋಡ್ರಿ, ಬಸ್‌ಸ್ಟಾಪಿನ್ಯಾಗ ಕುಂತೀನಿ."

ವಾಚ್‌ಮನ್ ಅವಳ ಮಾತನ್ನು ಒಪ್ಪಿದ. ಅವಳು ಗೇಟು ದಾಟಿರಲೇ ಇಲ್ಲ.

ಜೀಪಿನಲ್ಲಿ ಶಿವಶರಣಪ್ಪ ಎರಡು ಹೇಳಿಕೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ. ತಿಪ್ಪೇಸ್ವಾಮಿ ಹೇಳಿದ್ದು ಒಂದು. ಇವಳು ಹೇಳಿದ್ದು ಇನ್ನೊಂದು. ಆಗದವಳು ಶರಣಬಸಮ್ಮನ ಪರವಾಗಿ ಯಾಕೆ ಸುಳ್ಳು ಹೇಳುತ್ತಾಳೆ?

* * *

ಸುಬ್ಬರಾಯನಿಗೆ ಮಾತಾಡುವಷ್ಟು ಶಕ್ತಿ ಬಂದಿತ್ತು. ದಿಂಬಿಗೆ ಒರಗಿ ಎಳನೀರು ಹೀರುತ್ತಿದ್ದ.

"ಊಟ ಹ್ಯಾಂಗಿತ್ತು?" ಶಿವಶರಣಪ್ಪ ಕೇಳಿದ.

"ಎಂಥಾ ಪ್ರಶ್ನೀರಿ ಇದು?"

"ಹೇಳ್ರಿ. ಬೇಕಾಗೈತಿ."

"ರೊಟ್ಟಿ ಭಾಳ ಛಲೋ ಇತ್ತು. ಪಲ್ಯ ಮಾತ್ರ ಸಪ್ಪ. ಉಪ್ಪ ಇರ್ಲಿಲ್ಲ. ನಾ ಉಪ್ಪು ಕೇಳಾಕ ಹೊಂಟೆ. ಅಮೃತಪ್ಪ ಬ್ಯಾಡ ಅಂದ. ಕೇಳಿದ್ರ ಆಯಮ್ಮ ತಾಟ ಕಸಗೋತಾಳ, ಸುಮ್ನ ಚಟ್ನಿ ಹಚ್ಕೊಂಡು ತಿನ್ನು ಅಂದ. ತಾನೂ ಹಂಗ ತಿಂದ. ನನಗ ಖಾರ ಆಗಿಬರೂದಿಲ್ಲ. ನಾ ಸ್ವಲ್ಪ ತಿಂದೆ." ಸುಬ್ಬರಾಯ ಎಳನೀರನ್ನು ಪಕ್ಕಕ್ಕಿಟ್ಟ. "ಅದಕ್ಕ ಉಳದೀನಿ."

ಶಿವಶರಣಪ್ಪ ಅಲ್ಲಿಂದಲೇ ಪ್ರಯೋಗಾಲಯಕ್ಕೆ ಫೋನು ಮಾಡಿದ. ಉಳಿದ ಪಲ್ಯದಲ್ಲಿ ಉಪ್ಪು ಇದೆಯೋ ಇಲ್ಲವೋ ನೋಡಬೇಕು ಎಂದ. ಆ ಕಡೆಯವರು ನಕ್ಕರು. ಸ್ವಲ್ಪ ಹೊತ್ತಿಗೆ ಅವರೇ ಫೋನು ಮಾಡಿದರು. ಉಪ್ಪು ಇರಲಿಲ್ಲ.

* * *

ಲಾಕಪ್ಪಿನಲ್ಲಿ ಶರಣಬಸಮ್ಮ ಗೋಡೆಗೆ ಒರಗದೆ ನೆಟ್ಟಗೆ ಕುಳಿತಿದ್ದಳು. ಸ್ಟೇಷನ್ನಿನ ಅನ್ನವನ್ನು ಪಕ್ಕಕ್ಕೆ ಸರಿಸಿದ್ದಳು.

"ಅವ್ವಾರ, ಆವತ್ತಿನ ಪಲ್ಯಕ್ಕ ಉಪ್ಪಿರ್ಲಿಲ್ಲ."

"ಸುಳ್ಳು."

"ಪರೀಕ್ಷೆ ಮಾಡಿಸೀನಿ."

"ನಿಮ್ಮ ಪರೀಕ್ಷೆ ಮಾಡಿದವನ ನಾಲಿಗಿ ಪರೀಕ್ಷೆ ಮಾಡಿಸ್ರಿ ಮೊದಲ. ಈ ಕೈ ಉಪ್ಪು ಮರಿಯೂದಿಲ್ಲ."

ಶಿವಶರಣಪ್ಪ ಸ್ಟೂಲು ಎಳೆದುಕೊಂಡು ಎದುರಿಗೆ ಕುಳಿತ.

"ನೀವು ಪಲ್ಯದ ರುಚಿ ನೋಡಿದ್ರಿ, ಉಪ್ಪು ಹಾಕಿದ್ರಿ, ಚಟ್ನಿ ಮಾತ್ರ ಮುಟ್ಟಲಿಲ್ಲ ಅಂತ ತಿಪ್ಪೇಸ್ವಾಮಿ ಹೇಳ್ಯಾನ. ಉಪ್ಪು ಹಾಕಿದ್ದು ಖರೆ ಅಂದ್ರ ಅವನ ಮಾತು ನಿಲ್ತದ. ನೀವು ಒಳಗ ಇರ್ತೀರಿ. ಉಪ್ಪು ಮರ್ತೀರಿ ಅಂದ್ರ ಅವನ ಮಾತು ಬೀಳ್ತದ. ನಿಮ್ಮ ಬಾಯಿಂದ ಬರಬೇಕು. ಯಾವುದು ಬೇಕ್ರಿ?"

ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಯಾದಗಿರಿ ಬಾಗಿಲ ಬಳಿ ಕಾಲು ಬದಲಿಸಿ ನಿಂತ. ಜೈಲಿಗೆ ಹೋಗಲು ಅಂಜದ ಹೆಂಗಸು ಈಗ ಅಂಜಿದ್ದು ಕಾಣುತ್ತಿತ್ತು.

"ಬದನಿಕಾಯಿ ಮೆತ್ತಗಾದ ಮ್ಯಾಲ ನಾ ಉಪ್ಪು ಹಾಕ್ತೀನಿ," ಎಂದಳು ಕಡೆಗೆ. ದನಿ ಇಳಿದಿತ್ತು. "ಉಪ್ಪಿನ ಡಬ್ಬಿಗೆ ಕೈ ಹಾಕಿದ್ದೆ. ಆಗ ಅಂವಾ ಬಂದ. ಗೇಟಿಗೆ ನಿಮಗ ಫೋನ್ ಬಂದೈತ್ರಿ ಅಂದ. ಹೋದೆ. ವಾಚ್‌ಮನ್ ಇರ್ಲಿಲ್ಲ. ಫೋನೂ ಸುಮ್ನಿತ್ತು. ಹೊಳ್ಳಿ ಬಂದು, ಉಪ್ಪು ಹಾಕೀನಿ ಅನಕೊಂಡು ಮುಚ್ಚಿಬಿಟ್ಟೆ."

"ಯಾರ ಬಂದಿದ್ದು?"

"ತಿಪ್ಪೇಸ್ವಾಮಿ."

"ಮೊದಲ ಯಾಕ ಹೇಳ್ಲಿಲ್ಲ?"

"ಒಲಿ ಬಿಟ್ಟು ಹೋದೆ ಅಂತ ಹ್ಯಾಂಗ ಹೇಳ್ಲಿ, ತಮ್ಮಾ?"

* * *

ಕ್ಯಾಂಟೀನಿನಲ್ಲಿ ತಿಪ್ಪೇಸ್ವಾಮಿ ಮತ್ತೆ ಕೈಮುಗಿದು ನಿಂತ. ಶಿವಶರಣಪ್ಪ ಅವನ ಹೇಳಿಕೆಯನ್ನು ಇನ್ನೊಮ್ಮೆ ಹೇಳಿಸಿದ. ಈ ಸಲ ಅದು ಇನ್ನೂ ಚೆನ್ನಾಗಿ ಬಂತು. ಅಂಗೈ ನೆಕ್ಕಿದ್ದು, ತಲೆಯಾಡಿಸಿದ್ದು, ಉಪ್ಪು ಹಾಕಿ ಮತ್ತೆ ನೋಡಿದ್ದು.

"ಎರಡು ಸಲ ರುಚಿ ನೋಡಿದ್ರಾ?"

"ಹೌದು ಸಾರ್. ಅಡುಗೆ ಮಾಡೋರು ಇನ್ನೇನು ಮಾಡ್ತಾರೆ?"

"ನೀನು ಮಾಡ್ತೀಯ," ಎಂದ ಶಿವಶರಣಪ್ಪ. "ಹೋಟೆಲಿನ ಅಡುಗೆಯವರೆಲ್ಲ ಮಾಡ್ತಾರೆ. ಈಯಮ್ಮ ಮಾಡೋದಿಲ್ಲ. ಎಡೆ ಹಿಡಿಯೋ ಮೊದಲು ನೋಡಬಾರದು ಅನ್ನೋದು ಮನೆಯ ಪದ್ಧತಿ. ನೋಡೋ ಅಗತ್ಯವೇ ಇಲ್ಲ ಅನ್ನೋದು ಅವಳ ಸೊಕ್ಕು. ನಿನಗೆ ಎರಡೂ ಗೊತ್ತಿರಲಿಲ್ಲ. ಅಡುಗೆಯವರ ಬಗ್ಗೆ ಎಲ್ಲಾ ಬಲ್ಲೆ ಅಂದ್ಕೊಂಡೆ. ಆ ಧೈರ್ಯದ ಮೇಲೆ ಕಥೆ ಕಟ್ಟಿದೆ. ಆ ಪಲ್ಯದಲ್ಲಿ ಉಪ್ಪಿರಲಿಲ್ಲ, ತಿಪ್ಪೇಸ್ವಾಮಿ. ಒಂದು ಸಲ ನಾಲಿಗೆಗೆ ತಾಗಿದ್ದರೂ ಅವಳಿಗೆ ಗೊತ್ತಾಗ್ತಿತ್ತು."

ತಿಪ್ಪೇಸ್ವಾಮಿಯ ಮುಗಿದ ಕೈ ಬಿಚ್ಚಿಕೊಂಡಿತು.

"ಫೋನ್ ಬಂದಿದೆ ಅಂತ ಅವಳನ್ನ ಗೇಟಿಗೆ ಕಳಿಸಿದೆ. ವಾಚ್‌ಮನ್ನು ಹೇಳ್ತಾನೆ, ಗೇಟಿನ ಫೋನು ಆ ವಾರವೆಲ್ಲ ಕೆಟ್ಟಿತ್ತು. ಅವಳು ಹೋಗಿ ಬರೋದರೊಳಗೆ ಪುಡಿ ಬೆರೆಸಿದೆ. ಚಟ್ನಿಯಲ್ಲಿ ಬೆಳ್ಳುಳ್ಳಿ ಇತ್ತು, ವಿಷದ ವಾಸನೆ ಏಳೋದಿಲ್ಲ."

"ಸಾಯಿಸಬೇಕು ಅಂತಿರಲಿಲ್ಲ ಸಾರ್," ತಿಪ್ಪೇಸ್ವಾಮಿ ನೆಲಕ್ಕೆ ಕುಳಿತ. "ವಾಂತಿ ಆಗಲಿ ಅಂತ. ಆಯಮ್ಮನಿಗೆ ಕ್ಯಾಂಟೀನು ತಪ್ಪಲಿ ಅಂತ. ಚಟ್ನಿ ಎಷ್ಟು ತಿಂತಾರೆ, ಒಂದಿಷ್ಟು ನಂಚ್ಕೊಳ್ತಾರೆ ಅಷ್ಟೇ ಅಂದ್ಕೊಂಡಿದ್ದೆ."

"ನೀನು ಕರೆದದ್ದಕ್ಕೇ ಉಪ್ಪು ತಪ್ಪಿತು. ಉಪ್ಪು ತಪ್ಪಿದ್ದಕ್ಕೇ ಅಮೃತಪ್ಪ ಬಟ್ಟಲು ಖಾಲಿ ಮಾಡಿದ."

ಯಾದಗಿರಿ ಅವನ ರಟ್ಟೆ ಹಿಡಿದು ಎಬ್ಬಿಸಿದ.

* * *

ಶರಣಬಸಮ್ಮನ ಹೇಳಿಕೆಯನ್ನು ಬರೆದುಕೊಳ್ಳುವುದು ಬಾಕಿ ಇತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಅವಳು ಸೆರಗು ಸರಿಮಾಡಿಕೊಂಡು ಕುಳಿತಳು.

"ಉಪ್ಪಿನ ಡಬ್ಬಿ ಯಾರೋ ಸರಿಸಿದ್ರು ಅಂತ ಬರದ್ರ ನಡೀತೈತೇನು?"

"ನಡಿಯೂದಿಲ್ರಿ. ಕೋರ್ಟಿನ್ಯಾಗ ನಿಂತು ಹೇಳಬೇಕು ನೀವು."

"ಮಂದಿ ಮುಂದ?"

"ಮಂದಿ ಮುಂದ."

ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಬರೀರಿ. ಆವತ್ತ ನಾ ಪಲ್ಯಕ್ಕ ಉಪ್ಪು ಹಾಕಿಲ್ಲ. ಉಪ್ಪು ಕೇಳಾಕ ಅಂಜಿ ಅಮೃತಪ್ಪ ಚಟ್ನಿ ತಿಂದ. ನನಗ ಅಂಜಿ."

"ಎರಡನೇದು ಕೇಸಿಗೆ ಬೇಕಾಗಿಲ್ರಿ, ಅವ್ವಾರ."

"ಖರೆ ಐತಿಲ್ಲೋ? ಬರೀರಿ."

ಶಿವಶರಣಪ್ಪ ಬರೆದ. ಓದಿ ಹೇಳಿದ. ಅವಳು ಸಹಿ ಮಾಡಿದಳು.

"ಇನ್ನ ಮುಂದರೆ ರುಚಿ ನೋಡ್ತೀರೇನ್ರಿ?"

"ಇಲ್ಲ," ಎಂದಳು ಶರಣಬಸಮ್ಮ, ಏಳುತ್ತ. "ಮೇಜಿನ ಮ್ಯಾಲ ಉಪ್ಪು ಇಡ್ತೀನಿ."