ತೇಪೆಯ ಮೇಲೆ ಕೂತವಳು

"ಬಾಗಿಲಾ ಬಡಿಯಾಕತ್ತೀರೇನ್ರಿ? ಒಳಗ ಯಾರೂ ಇಲ್ಲ."

ದತ್ತಾತ್ರೇಯ ನನ್ನನ್ನು ಮೊದಲು ಮಾತಾಡಿಸಿದ್ದೇ ಹೀಗೆ. 1988ರ ಜೂನ್. ಬಾಲಾನಗರದ ನಮ್ಮ ಫೈಬರ್‌ಗ್ಲಾಸ್ ವರ್ಕ್‌ಶಾಪಿನಲ್ಲಿ, ನೀರಿನ ಟ್ಯಾಂಕುಗಳ ನಡುವೆ, ಅವನ ಬಿಳಿ ಹಾಯಿದೋಣಿ ಬೋರಲಾಗಿ ಮಲಗಿತ್ತು. ನಾನು ರೂಪಾಯಿ ನಾಣ್ಯದಿಂದ ಅದರ ತಳ ಬಡಿಯುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ.

ಹುಸೇನ್‌ಸಾಗರ ಕೆರೆಯ ಕಲ್ಲಿಗೆ ತಾಗಿ ದೋಣಿ ಬಿರುಕು ಬಿಟ್ಟಿತ್ತು. ಅವನೇ ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದ. ನಮ್ಮಿಂದ ಬೇಕಾಗಿದ್ದು ಬರೀ ಪಾಲಿಶ್. ಬಣ್ಣ ಚೆನ್ನಾಗಿಯೇ ಕೂತಿತ್ತು. ಬಳಿದ ಕೈಗಳೂ ಚೆಂದವಿದ್ದವು. ನಾನು ನೋಡಲಿಲ್ಲ ಎಂದರೆ ಸುಳ್ಳಾದೀತು.

"ಇಲ್ಲಿ ಕೇಳ್ರಿ," ಎಂದೆ. ಟಣ್, ಟಣ್. "ಈಗ ಇಲ್ಲಿ." ಡಬ್. "ಒಳಗ ಪದರು ಬಿಟ್ಟೈತಿ, ನೀರು ನಿಂತೈತಿ. ಇಷ್ಟೂ ಕೊಯ್ಯಬೇಕು."

ಗುರುತು ಊಟದ ತಟ್ಟೆಯಷ್ಟಿತ್ತು. ಅವನ ಮುಖ ಕೆಂಪಾಯಿತು.

"ನಾ ಮಾಡಿದ್ದು ಭಾಳ ಪಕ್ಕಾ ಐತ್ರಿ."

"ನನ್ನ ಕಿವಿ ಅದಕ್ಕಿಂತ ಪಕ್ಕಾ ಐತಿ."

ಮಾಲೀಕರಾದ ಬಸವಲಿಂಗಪ್ಪನವರು ನಡುವೆ ಬಂದರು. "ನೋಡು ಗುಣವತಿ, ಕೊಯ್ದ ಮ್ಯಾಲ ಒಳಗ ಒಣಗಿತ್ತಂದ್ರ ಇನ್ನ ನಿನಗ ದೋಣಿ ಕೊಡಂಗಿಲ್ಲ. ಟ್ಯಾಂಕ್ ಅಷ್ಟ."

ಒಂದು ದೋಣಿ ಕೈಗೆ ಸಿಗಲೆಂದು ಮೂರು ವರ್ಷ ಕಾದಿದ್ದೆ. ಆದರೂ "ಕೊಯ್ತೀನ್ರಿ" ಎಂದೆ.

ದತ್ತಾತ್ರೇಯ ಹುಬ್ಬೇರಿಸಿದ. "ನಮ್ಮ ಹಾಯಿದೋಣಿ ಕ್ಲಬ್ಬಿನ ರಿವಾಜು ಗೊತ್ತೇನ್ರಿ? ತೇಪಿ ಹಚ್ಚಿದವರೇ ಮೊದಲ ಅದರ ಮ್ಯಾಲ ಕೂತು ಕೆರಿ ನಡುವ ಹೋಗಬೇಕು."

"ಕೂಡತೀನಿ. ನಿಮ್ಮ ತೇಪಿ ಮ್ಯಾಲ ನೀವು ಕೂತಿದ್ರೇನು?"

ಅವನು ದೋಣಿಯ ಮೇಲಿನ ಧೂಳು ಒರೆಸತೊಡಗಿದ.

ಬ್ಲೇಡು ಇಳಿದದ್ದೇ ತಡ, ಹುಳಿ ವಾಸನೆಯ ಕಂದು ನೀರು ಜಿನುಗಿ ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಬಸವಲಿಂಗಪ್ಪನವರು ಚಹಾ ತರಿಸಿ, ಮೊದಲ ಕಪ್ಪು ನನಗೆ ಕೊಟ್ಟರು. ನನ್ನ ಎದೆಯುಬ್ಬಿತು.

ಆಮೇಲೆ ದತ್ತಾತ್ರೇಯ ದಿನಾ ಸಂಜೆ ಬಂದ. ತಳ ಪೂರ್ತಿ ಒಣಗಿಸಿ, ಅಂಚು ಇಳಿಜಾರಾಗಿ ಉಜ್ಜಿ, ಗಾಜಿನ ನಾರಿನ ಹಾಸನ್ನು ರೆಸಿನ್ ಅಂಟಿನಲ್ಲಿ ನೆನೆಸಿ ಪದರ ಪದರವಾಗಿ ಕೂರಿಸಿದೆ. ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯುವುದನ್ನು ಅವನಿಗೂ ಕಲಿಸಿದೆ. ಅವನ ಕಣ್ಣು ಮಾತ್ರ ಬೇರೆ ಕಡೆ.

"ಗುಳ್ಳಿ ಅಲ್ಲೈತ್ರಿ, ನನ್ನ ಮುಖದಾಗಲ್ಲ."

ಕೆಲಸ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ, ಕೆರೆಯ ದಂಡೆಯಲ್ಲಿ ಅವನೇ ನನಗೆ ಲೈಫ್ ಜಾಕೆಟ್ ಬಿಗಿದ. ಸೀರೆ ಸೆರಗು ಸಿಕ್ಕಿಸಿ ತೇಪೆಯ ಮೇಲೆಯೇ ಕೂತೆ. ಹುಸೇನ್‌ಸಾಗರದ ನಡುವೆ ಅವನು ಕೇಳಿದ, "ಈಜು ಬರತೈತಿ ಅಲ್ರಿ?"

"ಇಲ್ಲ."

ಗಾಬರಿಗೆ ಅವನ ಕೈಯಿಂದ ಹಗ್ಗ ಜಾರಿತು. "ಮತ್ತ ಹೆಂಗ ಕೂತ್ರಿ?"

"ನಾ ನೀರಿನ ಮ್ಯಾಲ ಕೂತಿಲ್ಲ. ನನ್ನ ಕೆಲಸದ ಮ್ಯಾಲ ಕೂತೀನಿ."

ತಳಕ್ಕೆ ಅಂಗೈ ಒತ್ತಿ ಎತ್ತಿ ತೋರಿಸಿದೆ. ಒಂದು ಹನಿಯೂ ಇರಲಿಲ್ಲ.

ಅವನು ತಲೆ ತಗ್ಗಿಸಿದ. "ಅವತ್ತ ಕೇಳಿದ್ರಲ್ಲ... ನನ್ನ ತೇಪಿ ಮ್ಯಾಲ ನಾ ಕೂತಿದ್ದಿಲ್ಲ. ಧೈರ್ಯ ಆಗಲಿಲ್ಲ. ಇನ್ನ ಮುಂದ ಎಲ್ಲಿ ಕೂತರೂ ನಿಮ್ಮ ಬಾಜೂಕ ಕೂಡಬೇಕಂತ ಆಸೆ ಐತಿ. ಮದಿವಿ ಆಗ್ತೀರೇನು?"

ಹಾಯಿ ಪಟಪಟ ಬಡಿಯುತ್ತಿತ್ತು. ನನ್ನ ಎದೆಯೂ ಹಾಗೆಯೇ. ಅವನಿಗೆ ತೋರಗೊಡಲಿಲ್ಲ.

"ಮೊದಲ ಹಗ್ಗ ಹಿಡೀರಿ," ಎಂದೆ. "ದಂಡಿ ಮುಟ್ಟಬೇಕು. ನಮ್ಮಪ್ಪನ್ನ ಕೇಳಾಕ ನೀವು ಹಿಮಾಯತ್‌ನಗರಕ್ಕ ನಮ್ಮ ಮನಿಗೆ ಬರಬೇಕಲ್ಲ."