ನಿಂಗಪ್ಪನ ದನಿ ಇದ್ದ ಒಂದೇ ಪ್ರತಿ

ಡ್ರೈವರ್ ಒಬ್ಬ ಫೋನಿಗೆ ಬಾಯಿಟ್ಟು ಹೇಳಿದ ನಾಲ್ಕು ಮಾತಿಗೆ ತಾನು ಜೈಲು ಸೇರಬೇಕೆಂದರೆ ಅದು ಯಾವ ನ್ಯಾಯ ಎಂದು ನಟರಾಜನಿಗೆ ಒಳಗೊಳಗೇ ಕುದಿಯುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಲೈನಿನಲ್ಲಿ ಬಸ್ಸು ಓಡಿಸುವ ಕಂಪನಿಗೆ ಮ್ಯಾನೇಜರನಾಗಿ ಅವನು ಮೈ ಸವೆಸಿದ್ದ. ಯಜಮಾನ ಗಣೇಶಮೂರ್ತಿಯವರಿಗೆ ವಯಸ್ಸಾಗುತ್ತ ಬಂದಿತ್ತು. ಬರುವ ಯುಗಾದಿಗೆ ಅವನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವ ಮಾತೂ ಆಗಿತ್ತು. ತುತ್ತು ಬಾಯಿಯ ಹತ್ತಿರ ಬಂದಾಗಲೇ ಈ ನಿಂಗಪ್ಪ ಕೈ ತಟ್ಟಿ ಬೀಳಿಸಿದ್ದ.

ಕಂಪನಿಯ ಡ್ರೈವರುಗಳಿಗೆ ಬರೆಯುವುದೆಂದರೆ ಬೇಸರ. ಹಾಗಾಗಿ ಗಾಡಿಯ ದೂರುಗಳನ್ನು ಅವರು ಫೋನಿನ ಆ್ಯಪ್‌ನಲ್ಲಿ ಬಾಯಲ್ಲೇ ಹೇಳುವ ಏರ್ಪಾಡು ಇತ್ತು. ಹೇಳಿದ್ದು ಸಾಗರದ ಆಫೀಸಿನ ಸರ್ವರಿಗೆ ಬಂದು ಕೂರುತ್ತಿತ್ತು. ಆ ಸಂಜೆ ತೀರ್ಥಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ ನಿಂಗಪ್ಪ ಹೇಳಿದ್ದು ಇಷ್ಟೇ: "ಸಾರ್, ನಿಂಗಪ್ಪ. ಬ್ರೇಕು ತಡ ಮಾಡಿ ಹಿಡೀತದೆ. ಲೈನಿಗಾದ್ರೆ ಹೆಂಗೋ ಓಡಿಸ್ತೀನಿ. ನಾಳೆ ದಿಬ್ಬಣ, ಘಾಟಿ ಇಳೀಬೇಕು. ಬೇರೆ ಗಾಡಿ ಕೊಡಿ."

ಬೇರೆ ಗಾಡಿ ಇರಲಿಲ್ಲ. ಮದುವೆ ಮನೆಯವರನ್ನು ಬಿಟ್ಟುಕೊಡುವ ಮನಸ್ಸೂ ನಟರಾಜನಿಗೆ ಇರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ, "ಹೋಗಿ ಬಾ ಮಾರಾಯ, ಬಂದ್ಮೇಲೆ ನೋಡಣ" ಎಂದ. ಕಂಪ್ಯೂಟರಿನಲ್ಲಿ ಆ ದೂರಿನ ಮುಂದೆ 'ರಿಪೇರಿ ಆಗಿದೆ' ಎಂದು ಒತ್ತಿದ. ದೂರು ಬಂದ ಕೂಡಲೇ ಹೀಗೆ ಒತ್ತಿಬಿಡುವುದು ಅವನ ಅಭ್ಯಾಸ; ಪರದೆ ಚೊಕ್ಕಟವಾಗಿದ್ದರೆ ಕೆಲಸವೂ ಚೊಕ್ಕಟ ಎಂಬುದು ಅವನ ಲೆಕ್ಕ. ಹುಲಿಕಲ್ ಘಾಟಿಯ ತಿರುವಿನಲ್ಲಿ ಬಸ್ಸು ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿ ಮಗುಚಿತು. ಮದುಮಗಳ ಅಜ್ಜ ಅಲ್ಲೇ ಹೋದ. ನಿಂಗಪ್ಪನ ಕಾಲು ಮುರಿಯಿತು, ಅಜಾಗರೂಕತೆಯ ಚಾಲನೆ ಎಂದು ಕೇಸೂ ಬಿತ್ತು. ಸುದ್ದಿ ಬಂದ ಮಧ್ಯಾಹ್ನವೇ ನಟರಾಜ ಸರ್ವರಿನಿಂದ ಆ ದನಿಯನ್ನು ಅಳಿಸಿ ಹಾಕಿದ್ದ.

ಆಮೇಲೆ ಅವನು ಮಾಡಿದ್ದೆಲ್ಲ ಒಪ್ಪವಾಗಿಯೇ ಇತ್ತು. ಮೂಸಂಬಿ ಹಿಡಿದುಕೊಂಡು ನಗರ ಎಂಬ ಊರಿನ ಹತ್ತಿರವಿದ್ದ ನಿಂಗಪ್ಪನ ಮನೆಗೆ ಹೋಗಿ ಬಂದ. ನಿಂಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬಾಗಿಲವರೆಗೆ ಬಂದವಳು ಅವನ ಹೆಂಡತಿ ಹೂವಮ್ಮ.

"ದೂರು ಹೇಳಿದ್ದೆ ಅಂತಾನೇ ಹೇಳ್ತಾರೆ ಸ್ವಾಮಿ. ಆ ಮಷಿನಿಗೆ ಹೇಳಿದ್ದು ಎಲ್ಲಿಗೆ ಹೋಗ್ತದೆ?"

"ಹೇಳಿದ್ರೆ ಇರ್ತಿತ್ತಮ್ಮ. ಪೆಟ್ಟು ಬಿದ್ದಿದ್ದಲ್ವಾ, ಗೊಂದಲ ಆಗಿರಬೇಕು. ನಾನೂ ಹುಡುಕಿಸ್ತೀನಿ."

ಹಾಗೆ ಹೇಳುವಾಗ ಅವನಿಗೆ ನಿಜಕ್ಕೂ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ತನ್ನ ಬಗ್ಗೆ ಒಂದಿಷ್ಟು ಮೆಚ್ಚುಗೆಯೂ ಆಯಿತು.

ಹುಡುಕಿಸುವ ಮಾತನ್ನು ಗಣೇಶಮೂರ್ತಿ ಮಾತ್ರ ನಿಜವೆಂದೇ ತೆಗೆದುಕೊಂಡರು. ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ದೀಪ್ತಿಯನ್ನು ಕರೆಸಿದರು. ನಟರಾಜ ಎದುರಿಗೇ ಕೂತಿದ್ದ.

"ಅಳಿಸಿ ಹೋಗಿದ್ರೂ ಬ್ಯಾಕಪ್‌ನಲ್ಲಿ ಇರತ್ತೆ ಸಾರ್," ಎಂದಳು ದೀಪ್ತಿ. "ದಿನಾ ರಾತ್ರಿ ಇಡೀ ಸರ್ವರಿನ ಪ್ರತಿ ತೆಗೆದಿಡ್ತದೆ."

"ಹಂಗಾದ್ರೆ ಇಡೀ ಸರ್ವರನ್ನೇ ಹಿಂದಕ್ಕೆ ತರಬೇಕಲ್ವಾ? ಆಮೇಲಿನ ಬುಕಿಂಗ್ ಎಲ್ಲ ಹೋಗ್ತದೆ," ಎಂದ ನಟರಾಜ. ಇಷ್ಟು ದಿನ ಅವನ ಧೈರ್ಯವೆಲ್ಲ ಇದರ ಮೇಲೇ ನಿಂತಿತ್ತು.

"ಬೇಡ ಸಾರ್. ಪ್ರತಿಯನ್ನ ಹಾಗೇ ಬಿಚ್ಚಿ, ಬೇಕಾದ ಒಂದೇ ದೂರನ್ನ ಆರಿಸಿ ಹೊರಗೆ ತೆಗೀಬಹುದು. ಉಳಿದಿದ್ದು ಯಾವ್ದೂ ಅಲ್ಲಾಡಲ್ಲ. ಸೋಮವಾರ ಬಂದು ಮಾಡ್ಕೊಡ್ತೀನಿ."

ನಟರಾಜ ತಲೆಯಾಡಿಸಿ, ಒಳ್ಳೇದಾಯ್ತು ಎಂದ.

ಮನೆಗೆ ಹೋಗಿ ತಣ್ಣಗೆ ಕೂತು ಯೋಚಿಸಿದ. ದೂರು ಬಂದದ್ದು ಸಂಜೆ, ತಾನು ಅಳಿಸಿದ್ದು ಮರುದಿನ. ನಡುವೆ ಇದ್ದದ್ದು ಒಂದೇ ರಾತ್ರಿ. ಹಾಗಾದರೆ ಅಷ್ಟೆಲ್ಲ ಪ್ರತಿಗಳಲ್ಲಿ ನಿಂಗಪ್ಪನ ದನಿ ಇರುವುದು ಒಂದೇ ಒಂದರಲ್ಲಿ. ಆ ಪ್ರತಿಯನ್ನೇ ಅಳಿಸಿದರೆ? ಸಾಲಿನಲ್ಲಿ ಹಲ್ಲು ಬಿದ್ದ ಜಾಗದ ಹಾಗೆ ದೀಪ್ತಿಯ ಕಣ್ಣಿಗೆ ಮೊದಲು ಬೀಳುವುದು ಅದೇ. ಪ್ರತಿ ಇರಬೇಕು, ಒಳಗೆ ಆ ದನಿ ಇರಬಾರದು.

ದಾರಿ ತೋರಿಸಿಕೊಟ್ಟವಳೂ ದೀಪ್ತಿಯೇ. ಆಫೀಸಿನ ಸರ್ವರ್ ಎಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರು, ವರ್ಚುವಲ್ ಮಷಿನ್ ಎಂದು ಅವಳು ಹಿಂದೊಮ್ಮೆ ವಿವರಿಸಿದ್ದಳು. ಅದು ಕೆಟ್ಟು ಕೂತರೆ ಬುಕಿಂಗ್ ನಿಲ್ಲದಿರಲಿ ಎಂದು, ಹಳೆಯ ಪ್ರತಿಯನ್ನೇ ಚಾಲೂ ಮಾಡುವುದನ್ನೂ ಕಲಿಸಿದ್ದಳು. ಆ ರಾತ್ರಿಯ ಪ್ರತಿಯನ್ನು ಚಾಲೂ ಮಾಡುವುದು, ಒಳಹೊಕ್ಕು ಒಂದೇ ಒಂದು ದೂರನ್ನು ಕಿತ್ತುಹಾಕುವುದು, ಮತ್ತೆ ಮುಚ್ಚಿ ಅದೇ ಹೆಸರು, ಅದೇ ತಾರೀಖಿನಲ್ಲಿ ಇದ್ದ ಜಾಗದಲ್ಲೇ ಇಡುವುದು. ಅವಳು ಒಂದನ್ನು ಆರಿಸಿ ತೆಗೆಯುವವಳಾದರೆ, ತಾನು ಅದಕ್ಕೂ ಮೊದಲು ಆ ಒಂದನ್ನೇ ಆರಿಸಿ ಅಳಿಸುವವನು. ತನ್ನ ಜಾಣತನಕ್ಕೆ ಅವನಿಗೇ ನಗು ಬಂತು.

ಭಾನುವಾರ ಗಣೇಶಮೂರ್ತಿ ತಂದೆಯ ತಿಥಿಗೆಂದು ವರದಮೂಲಕ್ಕೆ ಹೋದರು. ಮಧ್ಯಾಹ್ನ ನಟರಾಜ ಆಫೀಸಿನ ಬಾಗಿಲು ತೆಗೆದು ಒಳಗಿನಿಂದ ಚಿಲಕ ಹಾಕಿಕೊಂಡ. ಎರಡು ಸರ್ವರು ಒಟ್ಟಿಗೆ ಓಡಿದರೆ ತಕರಾರಾದೀತೆಂದು ಈಗಿನದನ್ನು ನಿಲ್ಲಿಸಿ, ಆ ರಾತ್ರಿಯ ಪ್ರತಿಯನ್ನು ಚಾಲೂ ಮಾಡಿದ. ಪರದೆಯ ಮೇಲೆ ಚಕ್ರ ತಿರುಗತೊಡಗಿತು.

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕಂಡಕ್ಟರ್ ತೀರ್ಥೇಶ್.

"ಸಾರ್, ಟಿಕೆಟ್ ಮಷಿನಿನ ಚಾರ್ಜರ್ ಒಂದು ಬೇಕಿತ್ತು. ಹೊಸನಗರಕ್ಕೆ ಹೊರಟಿದೀನಿ."

ಚಾರ್ಜರ್ ಹುಡುಕಿ, "ಜನ ಹೆಂಗಿದಾರೆ ಇವತ್ತು?" ಎಂದು ನಗುತ್ತಲೇ ಕೇಳಿ, ಅವನನ್ನು ಸಾಗಹಾಕಿದ. ಮರಳಿ ಬರುವಷ್ಟರಲ್ಲಿ ಹಳೆಯ ಸರ್ವರು ಪೂರ್ತಿ ಎದ್ದು ಕೂತಿತ್ತು. ದೂರುಗಳ ನಡುವೆ ನಿಂಗಪ್ಪನ ಹೆಸರೂ ಇತ್ತು. ಯಾಕೋ ಒಮ್ಮೆ ಕೇಳಬೇಕೆನ್ನಿಸಿತು. ಹಿಂದೆ ಬಸ್ ಸ್ಟ್ಯಾಂಡಿನ ಗಲಾಟೆ, ಮುಂದೆ ನಿಂಗಪ್ಪನ ದಣಿದ ದನಿ. 'ಬೇರೆ ಗಾಡಿ ಕೊಡಿ' ಎನ್ನುವಾಗ ಅದರಲ್ಲಿ ಜೋರಿರಲಿಲ್ಲ, ಬೇಡಿಕೊಳ್ಳುವ ಧಾಟಿ ಇತ್ತು. ನಟರಾಜನಿಗೆ ನಾಚಿಕೆಯಾಯಿತು. ಆದರೂ ಬೆರಳು ಅಳಿಸುವ ಗುಂಡಿಯನ್ನೇ ಒತ್ತಿತು. ಮುಚ್ಚಿದ, ತಾರೀಖು ತಿದ್ದಿದ, ಈಗಿನ ಸರ್ವರನ್ನು ಮತ್ತೆ ಓಡಿಸಿದ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಸೋಮವಾರ ದೀಪ್ತಿ ಬಂದಳು. ವರದಮೂಲದಿಂದ ಬೆಳಿಗ್ಗೆಯಷ್ಟೇ ಮರಳಿದ್ದ ಗಣೇಶಮೂರ್ತಿ ಅವಳ ಬೆನ್ನ ಹಿಂದೆ ನಿಂತರು. ಆ ರಾತ್ರಿಯ ಪ್ರತಿ ತನ್ನ ಜಾಗದಲ್ಲೇ ಇತ್ತು. ಬಿಚ್ಚಿದಳು, ದೂರುಗಳನ್ನು ಒಂದೊಂದಾಗಿ ನೋಡಿದಳು, ಮೊದಲಿನಿಂದ ಮತ್ತೊಮ್ಮೆ ನೋಡಿದಳು.

"ಇಲ್ಲ ಸಾರ್. ನಿಂಗಪ್ಪನವರ ದೂರು ಯಾವ್ದೂ ಇಲ್ಲ."

"ಇದ್ದಿದ್ರೆ ನನಗೂ ಸಮಾಧಾನ ಆಗ್ತಿತ್ತು," ಎಂದು ನಟರಾಜ ನಿಟ್ಟುಸಿರು ಬಿಟ್ಟ. "ಪಾಪ, ಆ ಹೂವಮ್ಮನಿಗೆ ಏನಂತ ಹೇಳೋದು."

ಗಣೇಶಮೂರ್ತಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದರು. ಬಸ್ ಸ್ಟ್ಯಾಂಡಿನ ಗಲಾಟೆ ಕೇಳಿತು, ಅದರ ನಡುವಿನಿಂದ ನಿಂಗಪ್ಪನ ದನಿ: ಬೇರೆ ಗಾಡಿ ಕೊಡಿ. ದೀಪ್ತಿ ಫೋನನ್ನು ಎತ್ತಿಕೊಂಡು ನೋಡಿದಳು. "ದೂರಿನ ತಾರೀಖು ದಿಬ್ಬಣದ ಹಿಂದಿನ ದಿನದ್ದು ಸಾರ್. ನಮ್ಮ ಸರ್ವರು ಕಳಿಸಿದ್ದು ಮಾತ್ರ ನಿನ್ನೆ ಮಧ್ಯಾಹ್ನ. ಅಂದ್ರೆ ನಿನ್ನೆ ಯಾರೋ ಆ ರಾತ್ರಿಯ ಪ್ರತಿಯನ್ನ ಇಲ್ಲಿ ಚಾಲೂ ಮಾಡಿದಾರೆ." ಯಾರೂ ವಿಚಾರಿಸದ ದೂರನ್ನು ಒಂದು ದಿನ ಕಾದು, ದನಿಯ ಸಮೇತ ಯಜಮಾನರ ಫೋನಿಗೆ ದಾಟಿಸುವುದು ಆ ಸರ್ವರಿನ ಕೆಲಸ. ಬಂದದ್ದನ್ನೆಲ್ಲ ಕೂಡಲೇ 'ರಿಪೇರಿ ಆಗಿದೆ' ಎಂದು ಒತ್ತಿಬಿಡುವ ನಟರಾಜ ಅದು ಹಾಗೆ ದಾಟುವುದನ್ನು ಒಂದು ದಿನವೂ ಕಂಡವನಲ್ಲ. ಆದರೆ ಅವನು ಒತ್ತಿದ್ದು ಮರುದಿನ ಬೆಳಿಗ್ಗೆ. ಆ ರಾತ್ರಿಯ ಪ್ರತಿಯಲ್ಲಿ ದೂರು ಇನ್ನೂ ಬಾಕಿಯೇ ಇತ್ತು. ಎದ್ದ ಸರ್ವರು ತಾರೀಖು ನೋಡಿ, ಹೊತ್ತು ಮೀರಿದೆ ಎಂದು ತಿಳಿದು, ಅವನು ಚಾರ್ಜರ್ ಹುಡುಕುತ್ತಿದ್ದಾಗಲೇ ತನ್ನ ಕೆಲಸ ಮುಗಿಸಿತ್ತು. ಗಣೇಶಮೂರ್ತಿ ಫೋನನ್ನು ಜೇಬಿಗಿಟ್ಟುಕೊಂಡು ಕೇಳಿದರು: "ನಿನ್ನೆ ಆಫೀಸಿನ ಕೀ ನಿನ್ನ ಹತ್ರಾನೇ ಇತ್ತಲ್ಲ, ನಟರಾಜ?"